ಸೀಯಿಂಗ್ ಅಳೆಯುವ ಉಪಕರಣಗಳು: ಯಾವುದನ್ನು ಆರಿಸಬೇಕು, ಯಾವುದರ ಪಕ್ಕ ನಿಲ್ಲಿಸಬೇಕು?

ಚಿಲಿಯ ಪರನಾಲ್ ಬೆಟ್ಟದ ಮೇಲೆ ನಾಲ್ಕು 8.2 ಮೀಟರ್ ದೂರದರ್ಶಕಗಳಿವೆ. ಅವುಗಳ ಪಕ್ಕದಲ್ಲಿ ಗಾಳಿಯ ಕದಡಿಗೆ ನಕ್ಷತ್ರದ ಬಿಂಬ ಎಷ್ಟು ಹರಡುತ್ತದೆ ಎಂಬುದನ್ನು, ಅಂದರೆ ಸೀಯಿಂಗನ್ನು, ಅಳೆಯುವ ಪುಟ್ಟ ಉಪಕರಣವೊಂದು ವರ್ಷಗಟ್ಟಲೆ ದುಡಿಯುತ್ತಿತ್ತು. ಅದರ ಲೆಕ್ಕದಲ್ಲಿ ಬೆಟ್ಟದ ಮೇಲಿನ ಆಕಾಶ ವರ್ಷದಿಂದ ವರ್ಷಕ್ಕೆ ಕೆಡುತ್ತಾ ಬಂತು. ದೊಡ್ಡ ದೂರದರ್ಶಕಗಳ ಚಿತ್ರಗಳು ಮಾತ್ರ ಕೆಡಲಿಲ್ಲ. ಎಷ್ಟೋ ರಾತ್ರಿ ಅವು ಉಪಕರಣ ಹೇಳಿದ್ದಕ್ಕಿಂತ ಚೊಕ್ಕಟವಾಗಿದ್ದವು. ಯುರೋಪಿಯನ್ ಸದರ್ನ್ ಅಬ್ಸರ್ವೇಟರಿಯ ವಿಜ್ಞಾನಿಗಳು 2008ರಲ್ಲಿ ಇದಕ್ಕೆ ಕಾರಣ ಮುಂದಿಟ್ಟರು. ನೆಲಕ್ಕೆ ಅಂಟಿಕೊಂಡ ತೆಳು ಪದರವೊಂದು ರಾತ್ರಿಯಲ್ಲಿ ಕದಡುತ್ತಿತ್ತು. ಸುಮಾರು 6 ಮೀಟರ್ ಎತ್ತರದಲ್ಲಿದ್ದ ಉಪಕರಣ ಆ ಪದರದೊಳಗೇ ಕೂತಿತ್ತು. ದೊಡ್ಡ ಗುಮ್ಮಟಗಳು ಅದರ ಬಹುಪಾಲನ್ನು ಕೆಳಗೆ ಬಿಟ್ಟು ಮೇಲಿನಿಂದ ನೋಡುತ್ತಿದ್ದವು. ಉಪಕರಣ ಸುಳ್ಳು ಹೇಳಿರಲಿಲ್ಲ. ಅದು ನೋಡಿದ ಗಾಳಿಯೇ ಬೇರೆಯಾಗಿತ್ತು. 2016ರಲ್ಲಿ ಅಲ್ಲಿನ ಮಾಪನ ಕೇಂದ್ರವನ್ನು ಹೊಸದಾಗಿ ಕಟ್ಟಿದಾಗ ಜಾಗ ಬದಲಿಸಿದರು, ಜೊತೆಗೆ ಬೇರೆ ಬೇರೆ ಎತ್ತರದ ಗಾಳಿಯನ್ನು ಬಿಡಿಸಿ ತೋರಿಸುವ ಉಪಕರಣಗಳನ್ನೂ ಸೇರಿಸಿದರು.

ಎರಡು ಮೂರು ಬಗೆಯ ಉಪಕರಣಗಳನ್ನು ಬೆಟ್ಟಕ್ಕೆ ಹೊತ್ತೊಯ್ದು ತೂಗಿ ನೋಡಬೇಕೆನ್ನುವವರು ಈ ಪ್ರಸಂಗವನ್ನು ಮೊದಲು ಓದಬೇಕು. ಯಾವ ಉಪಕರಣ ಸರಿ ಎಂಬ ಪ್ರಶ್ನೆಗೆ ಉತ್ತರ ಉಪಕರಣದಲ್ಲಿ ಅರ್ಧ ಮಾತ್ರ ಇದೆ. ಉಳಿದದ್ದು ಅದನ್ನು ಎಲ್ಲಿ, ಯಾವ ಎತ್ತರದಲ್ಲಿ, ಯಾವುದರ ಪಕ್ಕ ನಿಲ್ಲಿಸಿದಿರಿ ಎಂಬುದರಲ್ಲಿದೆ. ನನ್ನನ್ನು ಕೇಳಿದರೆ ಈ ಎರಡನೆಯ ಪಾಲೇ ದೊಡ್ಡದು.

ಯಾತಕ್ಕಾಗಿ ಅಳೆಯುತ್ತಿದ್ದೀರಿ?

ಬಿಸಿ ತಣ್ಣನೆಯ ಗಾಳಿ ಬೆರೆಯುವಲ್ಲೆಲ್ಲ ಬೆಳಕು ಬಾಗುವ ಪ್ರಮಾಣ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ನಕ್ಷತ್ರದ ಬಿಂದು ಚದುರಿ ಸಣ್ಣ ಉಂಡೆಯಾಗುತ್ತದೆ. ಆ ಉಂಡೆಯ ಅಗಲವೇ ಸೀಯಿಂಗ್. ಅದನ್ನು ಆರ್ಕ್‌ಸೆಕೆಂಡಿನಲ್ಲಿ, ಅಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗದ ಲೆಕ್ಕದಲ್ಲಿ, ಹೇಳುತ್ತಾರೆ. ಇದನ್ನೇ ಇನ್ನೊಂದು ದಿಕ್ಕಿನಿಂದ ಹೇಳಲು ಫ್ರೀಡ್ ಉದ್ದ ಎಂಬ ಅಳತೆ ಇದೆ: ಬೆಳಕಿನ ಅಲೆ ಹೆಚ್ಚು ಕೆಡದೆ ಉಳಿಯುವ ತುಂಡಿನ ಅಗಲ. ಹಸಿರು ಬೆಳಕಿನಲ್ಲಿ, ಅಂದರೆ 500 ನ್ಯಾನೊಮೀಟರಿನಲ್ಲಿ, ಫ್ರೀಡ್ ಉದ್ದ 10 ಸೆಂಟಿಮೀಟರ್ ಇದ್ದರೆ ಸೀಯಿಂಗ್ ಸುಮಾರು 1 ಆರ್ಕ್‌ಸೆಕೆಂಡ್.

ಹೊಸ ದೂರದರ್ಶಕಕ್ಕೆ ಜಾಗ ಹುಡುಕುವವರಿಗೆ ಈ ಒಂದು ಸಂಖ್ಯೆಯ ಮಧ್ಯಾಂಕ ಬಹುತೇಕ ಸಾಕು. ಕನ್ನಡಿಯನ್ನೇ ಬಾಗಿಸಿ ಚಿತ್ರ ತಿದ್ದುವ ಅಡಾಪ್ಟಿವ್ ಆಪ್ಟಿಕ್ಸ್ ಕಟ್ಟುವವರಿಗೆ ಸಾಲದು. ಕದಡು ಯಾವ ಎತ್ತರದಲ್ಲಿ ಎಷ್ಟಿದೆ, ಎಷ್ಟು ವೇಗದಲ್ಲಿ ಓಡುತ್ತಿದೆ ಎಂಬುದೂ ಅವರಿಗೆ ಬೇಕು. ಉಪಗ್ರಹಕ್ಕೆ ಲೇಸರ್ ಸಂದೇಶ ಕಳಿಸುವವರಿಗೆ ಹಗಲಿನ ಅಳತೆಯೂ ಬೇಕು. ಈ ಮೂವರೂ ಒಂದೇ ಬೆಟ್ಟದ ಮೇಲೆ ನಿಂತು ಮೂರು ಬೇರೆ ಉಪಕರಣಗಳನ್ನು ಸರಿಯಾಗಿಯೇ ಆರಿಸಿಕೊಳ್ಳಬಹುದು. ಯಾರ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇವೆ ಎಂದು ಬರೆದಿಡದೆ ಹೋಲಿಕೆಗೆ ಹೊರಟರೆ, ಕೊನೆಗೆ ಪ್ರತಿ ತಂಡವೂ ತನ್ನ ಉಪಕರಣವೇ ಗೆದ್ದಿತೆಂದು ವರದಿ ಬರೆದುಕೊಂಡು ಮನೆಗೆ ಹೋಗುತ್ತದೆ.

ಡಿಮ್: ಎಲ್ಲರ ಅಳತೆಗೋಲು

ಎಲ್ಲ ಹೋಲಿಕೆಯಲ್ಲೂ ಡಿಮ್ ಇದ್ದೇ ಇರುತ್ತದೆ. ಇಪ್ಪತ್ತೈದು ಮೂವತ್ತು ಸೆಂಟಿಮೀಟರಿನ ದೂರದರ್ಶಕದ ಬಾಯಿಗೆ ಎರಡು ತೂತಿನ ಮುಚ್ಚಳ ಹಾಕಿ, ಒಂದು ತೂತಿಗೆ ತೆಳು ಪ್ರಿಸಮ್ ಕೂರಿಸಿದರೆ ಒಂದೇ ನಕ್ಷತ್ರದ ಎರಡು ಬಿಂಬ ಸಿಗುತ್ತವೆ. ಗಾಳಿ ಕದಡಿದಂತೆ ಆ ಎರಡರ ನಡುವಿನ ಅಂತರ ನಡುಗುತ್ತದೆ. ಗಾಳಿಗೆ ದೂರದರ್ಶಕವೇ ಅಲುಗಿದರೆ ಎರಡೂ ಬಿಂಬ ಒಟ್ಟಿಗೆ ಸರಿಯುತ್ತವೆ, ಅಂತರ ಬದಲಾಗುವುದಿಲ್ಲ. ಸರಾಜ಼ಾಂ ಮತ್ತು ರೊಡಿಯೆ 1990ರಲ್ಲಿ ಇದನ್ನು ಪೂರ್ತಿ ಲೆಕ್ಕದೊಂದಿಗೆ ಪ್ರಕಟಿಸಿದ ಮೇಲೆ ಜಗತ್ತಿನ ಬೆಟ್ಟಗಳಲ್ಲೆಲ್ಲ ಡಿಮ್ ಹರಡಿತು. ಅಗ್ಗ, ಗಟ್ಟಿ, ಕಲಿಯಲು ಸುಲಭ. ನೆಲದಿಂದ ವಾಯುಮಂಡಲದ ತುದಿಯವರೆಗಿನ ಎಲ್ಲ ಕದಡನ್ನೂ ಒಟ್ಟು ಸೇರಿಸಿ ಒಂದು ಸಂಖ್ಯೆ ಕೊಡುತ್ತದೆ.

ಆದರೆ ಅಳತೆಗೋಲು ಎಂದು ಕರೆದ ಮಾತ್ರಕ್ಕೆ ಅದರಲ್ಲಿ ತಪ್ಪಿಲ್ಲವೆಂದಲ್ಲ. ಕ್ಯಾಮೆರಾದ ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಕೋನ ಎಂಬ ಅಂದಾಜು 5% ತಪ್ಪಿದರೆ ಸೀಯಿಂಗ್ 6% ತಪ್ಪುತ್ತದೆ. ಆದ್ದರಿಂದ ಅಂತರ ಗೊತ್ತಿರುವ ಜೋಡಿ ನಕ್ಷತ್ರವೊಂದನ್ನು ಹಿಡಿದು ಪಿಕ್ಸೆಲ್ ಅಳತೆ ಸರಿನೋಡಿಕೊಳ್ಳಿ. ಲೆನ್ಸ್ ಮಾರಿದವರು ಕೊಟ್ಟ ಸಂಖ್ಯೆಯನ್ನು ನಂಬಿ ಕೂರಬೇಡಿ. ಎಕ್ಸ್‌ಪೋಶರ್ ಉದ್ದವಾದರೆ ನಡುಕ ಅಳಿಸಿಹೋಗಿ ಆಕಾಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. 5 ಮತ್ತು 10 ಮಿಲಿಸೆಕೆಂಡಿನ ಚಿತ್ರಗಳನ್ನು ಒಂದರ ಹಿಂದೆ ಒಂದು ತೆಗೆದು ಸೊನ್ನೆ ಎಕ್ಸ್‌ಪೋಶರ್‌ಗೆ ಲೆಕ್ಕ ಹಿಂದೆಳೆಯುವುದು ರೂಢಿ. ಫೋಕಸ್ ಸ್ವಲ್ಪ ತಪ್ಪಿದ್ದರೂ, ಮೇಲಿನ ಪದರಗಳು ಜೋರಾಗಿ ಕದಡಿದ ರಾತ್ರಿ ಫಲಿತಾಂಶ ವಾಲುತ್ತದೆ. ಇನ್ನು ಸಮೀಕರಣದ ಸ್ಥಿರಾಂಕ. 1990ರ ಸೂತ್ರವನ್ನು ಟೊಕೊವಿನಿನ್ 2002ರಲ್ಲಿ ತಿದ್ದಿದರು. ಒಂದು ತಂಡ ಹಳೆಯದನ್ನೂ ಇನ್ನೊಂದು ಹೊಸದನ್ನೂ ಬಳಸಿದರೆ, ಎರಡು ಪೆಟ್ಟಿಗೆಯೊಳಗಿನ ಕ್ಯಾಮೆರಾ ಲೆನ್ಸ್ ಎಲ್ಲ ಒಂದೇ ಆಗಿದ್ದರೂ ಫಲಿತಾಂಶ ಬೇರೆ ಬರುತ್ತದೆ. ಎಲ್ಲರ ಕಚ್ಚಾ ಚಿತ್ರಗಳನ್ನೂ ಉಳಿಸಿಕೊಂಡಿದ್ದರೆ ಮಾತ್ರ ಈ ವ್ಯತ್ಯಾಸ ಆಮೇಲೆ ಬಿಡಿಸಲು ಬರುತ್ತದೆ.

ಮಾಸ್, ಮತ್ತು ಕಳೆಯುವ ಲೆಕ್ಕ

ಎತ್ತರದ ಪದರಗಳು ನಕ್ಷತ್ರವನ್ನು ಮಿನುಗಿಸುತ್ತವೆ, ನೆಲದ ಪದರ ಮಿನುಗಿಸುವುದಿಲ್ಲ. ಮಾಸ್ ಈ ಗುಣವನ್ನೇ ಹಿಡಿಯುತ್ತದೆ. ಮಾಸ್ಕೋದ ಸ್ಟರ್ನ್‌ಬರ್ಗ್ ಸಂಸ್ಥೆಯವರೂ ಚಿಲಿಯ ಸೆರೊ ಟೊಲೊಲೊ ವೀಕ್ಷಣಾಲಯದವರೂ ಸೇರಿ ರೂಪಿಸಿದ ಈ ಉಪಕರಣ, ಒಂದರೊಳಗೊಂದು ಇರುವ ನಾಲ್ಕು ವೃತ್ತಾಕಾರದ ಕಂಡಿಗಳಲ್ಲಿ ಬೆಳಕಿನ ಏರಿಳಿತವನ್ನು ಮಿಲಿಸೆಕೆಂಡಿಗೊಮ್ಮೆ ಎಣಿಸುತ್ತದೆ. ಅದರಿಂದ ಅರ್ಧ ಕಿಲೋಮೀಟರಿನಿಂದ 16 ಕಿಲೋಮೀಟರಿನವರೆಗೆ ಆರು ಪದರಗಳ ಅಂದಾಜು ಸಿಗುತ್ತದೆ. ಅರ್ಧ ಕಿಲೋಮೀಟರಿಗಿಂತ ಕೆಳಗೆ ಅದು ಕುರುಡು.

ಆ ಕುರುಡೇ ಲಾಭ. ಮಾಸ್ ಮತ್ತು ಡಿಮ್ ಎರಡನ್ನೂ ಒಂದೇ ದೂರದರ್ಶಕದ ಹಿಂದೆ ಕೂರಿಸಿದರೆ ಎರಡೂ ಒಂದೇ ನಕ್ಷತ್ರವನ್ನು, ಒಂದೇ ಗಾಳಿಯ ಮೂಲಕ ನೋಡುತ್ತವೆ. ಒಟ್ಟಿನಿಂದ ಎತ್ತರದ್ದನ್ನು ಕಳೆದರೆ ನೆಲದ ಪದರ ಉಳಿಯುತ್ತದೆ. ಟಿಎಂಟಿ ಎಂಬ 30 ಮೀಟರ್ ದೂರದರ್ಶಕಕ್ಕೆ ಚಿಲಿಯ ಮೂರು ಬೆಟ್ಟ, ಮೆಕ್ಸಿಕೊದ ಸಾನ್ ಪೆದ್ರೊ ಮಾರ್ತಿರ್, ಹವಾಯಿಯ ಮೌನಾ ಕೇ ಎಂದು ಐದು ಜಾಗಗಳನ್ನು ತೂಗಿ ನೋಡಿದಾಗ ಐದರಲ್ಲೂ ಇದೇ ಜೋಡಿಯನ್ನು, 35 ಸೆಂಟಿಮೀಟರ್ ದೂರದರ್ಶಕದೊಂದಿಗೆ, 7 ಮೀಟರ್ ಎತ್ತರದಲ್ಲಿ ನಿಲ್ಲಿಸಿದ್ದರು. ಉಪಕರಣವೂ ಎತ್ತರವೂ ಒಂದೇ ಆದ್ದರಿಂದ ಉಳಿದ ವ್ಯತ್ಯಾಸ ಬೆಟ್ಟದ್ದು ಎಂದು ಹೇಳಲು ಧೈರ್ಯ ಬಂತು.

ಕಳೆಯುವಾಗ ಮಾತ್ರ ಎಚ್ಚರ. ಡಿಮ್ 1.0 ಆರ್ಕ್‌ಸೆಕೆಂಡ್, ಮಾಸ್ 0.5 ಎಂದು ತೋರಿಸಿದರೆ ನೆಲದ ಪದರ 0.5 ಎಂದು ಬರೆಯುವವರಿದ್ದಾರೆ. ಸೀಯಿಂಗ್‌ಗಳು ನೇರ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಅವುಗಳ ಮೂರನೇ ಐದು ಘಾತಗಳು, ಅಂದರೆ 5/3ನೆಯ ಘಾತಗಳು ಕೂಡುತ್ತವೆ. ಹಾಗೆ ಮಾಡಿದರೆ ನೆಲದ ಪದರದ್ದು 0.8 ಬರುತ್ತದೆ. ಒಟ್ಟು ಕದಡಿನ ಮೂರನೇ ಎರಡು ಭಾಗಕ್ಕೂ ಹೆಚ್ಚು ಆ ತೆಳು ಪದರದಲ್ಲೇ ಇದೆ ಎಂದಾಯಿತು. ಗೋಪುರವನ್ನು ಎತ್ತರಿಸಬೇಕೋ ಬೇಡವೋ ಎಂಬ ಕೋಟಿಗಟ್ಟಲೆ ರೂಪಾಯಿಯ ತೀರ್ಮಾನ ಈ ಘಾತದ ಮೇಲೆ ನಿಂತಿರಬಹುದು.

ಕೆಲವೊಮ್ಮೆ ಮಾಸ್ ಹೇಳಿದ್ದು ಡಿಮ್ ಹೇಳಿದ್ದಕ್ಕಿಂತ ದೊಡ್ಡದಾಗಿ, ನೆಲದ ಪದರ ಋಣಸಂಖ್ಯೆಯಾಗಿಬಿಡುತ್ತದೆ. ಅಂಥ ಸಾಲುಗಳನ್ನು ಸದ್ದಿಲ್ಲದೆ ಅಳಿಸಬೇಡಿ. ಮಿನುಗು ವಿಪರೀತವಾದಾಗ ಮಾಸ್ ಹೆಚ್ಚು ಹೇಳುತ್ತದೆ ಎಂಬುದು ಗೊತ್ತಿರುವ ದೋಷ, ಅದಕ್ಕೆ ತಿದ್ದುಪಡಿಯೂ ಇದೆ. ತಿದ್ದಿದ ಮೇಲೂ ಋಣಸಂಖ್ಯೆ ಉಳಿದರೆ ಡಿಮ್‌ನ ಫೋಕಸ್ ನೋಡಿ.

ಸೈಡಾರ್, ಸ್ಲೋಡಾರ್

ಇವೆರಡೂ ಜೋಡಿ ನಕ್ಷತ್ರವನ್ನು ಬಳಸುತ್ತವೆ. ಎರಡು ನಕ್ಷತ್ರಗಳ ಬೆಳಕಿನ ದಾರಿಗಳು ಯಾವ ಎತ್ತರದ ಪದರದಲ್ಲಿ ಎಷ್ಟು ದೂರದಲ್ಲಿ ಹಾದವು ಎಂಬ ತ್ರಿಕೋನದ ಲೆಕ್ಕದಿಂದ ಪದರಗಳನ್ನು ಬಿಡಿಸುತ್ತವೆ. 1973ರಲ್ಲಿ ವೆರ್ನಾಂ ಮತ್ತು ರೊಡಿಯೆ ತೋರಿಸಿದ ಸೈಡಾರ್ ಮಿನುಗಿನ ಚಿತ್ತಾರವನ್ನು ನೋಡುತ್ತದೆ; ವಿಲ್ಸನ್ 2002ರಲ್ಲಿ ಬರೆದ ಸ್ಲೋಡಾರ್ ಬೆಳಕಿನ ಅಲೆಯ ಇಳಿಜಾರನ್ನು ನೋಡುತ್ತದೆ. ಪದರಗಳ ವಿವರದಲ್ಲಿ ಸೈಡಾರ್‌ಗೆ ಸಾಟಿಯಿಲ್ಲ. ಬೆಲೆ ಎಂದರೆ, ಅದಕ್ಕೆ ಕನಿಷ್ಠ 1 ಮೀಟರ್ ದೂರದರ್ಶಕ ಬೇಕು. 10 ಆರ್ಕ್‌ಸೆಕೆಂಡ್ ಅಂತರದ ಜೋಡಿಯನ್ನು ಹಿಡಿದರೆ 1 ಮೀಟರ್ ಕನ್ನಡಿ ಸುಮಾರು 20 ಕಿಲೋಮೀಟರಿನವರೆಗೆ ಮುಟ್ಟುತ್ತದೆ. ಕನ್ನಡಿ ಚಿಕ್ಕದಾದಷ್ಟೂ ಮೇಲಿನ ಗಾಳಿ ಕೈಗೆ ಸಿಗದು. ಎರಡೂ ಸರಿಸುಮಾರು ಸಮ ಪ್ರಕಾಶವಿರುವ ಹೊಳೆಯುವ ಜೋಡಿಗಳು ಆಕಾಶದಲ್ಲಿ ಬೇಕೆಂದಾಗ ಇರುವುದಿಲ್ಲ. ಡರಮ್ ವಿಶ್ವವಿದ್ಯಾಲಯದ ಸ್ಟೀರಿಯೊ ಸೈಡಾರ್ ಎರಡೂ ನಕ್ಷತ್ರಗಳಿಗೆ ಬೇರೆ ಬೇರೆ ಕ್ಯಾಮೆರಾ ಇಟ್ಟು ಪ್ರಕಾಶದ ಕಟ್ಟನ್ನು ಸಡಿಲಿಸಿತು. ಅದು ಸ್ಪೇನಿನ ಲಾ ಪಾಲ್ಮಾ ದ್ವೀಪದಲ್ಲಿ 2.5 ಮೀಟರ್, ಪರನಾಲ್‌ನಲ್ಲಿ 1.8 ಮೀಟರ್ ದೂರದರ್ಶಕದ ಮೇಲೆ ಕೆಲಸ ಮಾಡಿದೆ.

ನಿಮ್ಮ ಬೆಟ್ಟದಲ್ಲಿ ಆಗಲೇ ದೊಡ್ಡ ದೂರದರ್ಶಕವಿದ್ದು, ಅದರ ಕೆಲವು ರಾತ್ರಿಗಳು ಸಿಕ್ಕರೆ ಮಾತ್ರ ಸೈಡಾರ್ ಯೋಚಿಸಿ. ಸಿಕ್ಕರೆ ಮಾಸ್ ಕೊಟ್ಟ ಪದರಗಳನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 2007ರಲ್ಲಿ ಪರನಾಲ್‌ನಲ್ಲಿ ನಡೆದ ಶಿಬಿರದಲ್ಲಿ ಎರಡನ್ನೂ ಜೊತೆಗೆ ಓಡಿಸಿದ್ದು ಅದಕ್ಕೇ. ಸ್ಲೋಡಾರ್‌ನ ನಿಜವಾದ ಜಾಗ ಕೆಳಗಿದೆ. ಅಗಲ ಅಂತರದ ಜೋಡಿಯನ್ನು ಹಿಡಿದರೆ ನೆಲದ ಹತ್ತಿರದ ಹತ್ತಾರು ಮೀಟರ್ ದಪ್ಪದ ಪದರಗಳೂ ಬಿಡಿಸಿ ಕಾಣುತ್ತವೆ.

ನೆಲದ ಹತ್ತಿರ

ಕಂಬಕ್ಕೆ ಬೇರೆ ಬೇರೆ ಎತ್ತರದಲ್ಲಿ ಸೂಕ್ಷ್ಮ ತಂತಿಯ ತಾಪಮಾಪಕಗಳನ್ನೋ ಶಬ್ದದಲೆಯ ಗಾಳಿಮಾಪಕಗಳನ್ನೋ ಕಟ್ಟುವುದು ಹಳೆಯ ದಾರಿ, ಈಗಲೂ ಒಳ್ಳೆಯ ದಾರಿ. ಉಷ್ಣತೆಯ ಏರಿಳಿತದಿಂದ ಬೆಳಕಿನ ಕದಡಿಗೆ ಬರಲು ಒತ್ತಡವೂ ಬೇಕು. 4,500 ಮೀಟರ್ ಎತ್ತರದ, ಲಡಾಖಿನ ಹಾನ್ಲೆಯಂಥ ಜಾಗದಲ್ಲಿ ಗಾಳಿಯ ಒತ್ತಡ ಕಡಲಮಟ್ಟದ ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಅಷ್ಟೇ ಉಷ್ಣತೆಯ ಏರಿಳಿತ ಅಲ್ಲಿ ಕಡಲಮಟ್ಟದಲ್ಲಿ ಮಾಡುವ ಕದಡಿನ ಮೂರನೇ ಒಂದು ಭಾಗವನ್ನಷ್ಟೇ ಮಾಡುತ್ತದೆ. ಒತ್ತಡದ ಸಂಖ್ಯೆಯನ್ನು ಮೊಬೈಲ್ ಆ್ಯಪ್ ತೋರಿಸುವ ಕಡಲಮಟ್ಟದ ಒತ್ತಡದಿಂದ ತೆಗೆದುಕೊಂಡವರ ಫಲಿತಾಂಶ ಮೂರು ಪಟ್ಟು ತಪ್ಪಿರುತ್ತದೆ.

ಸೋಡಾರ್ ಶಬ್ದದ ಮಿಡಿತ ಮೇಲೆ ಕಳಿಸಿ ಪ್ರತಿಧ್ವನಿ ಕೇಳುತ್ತದೆ. ನೇರ ಹಿಂದಕ್ಕೆ ಬರುವ ಪ್ರತಿಧ್ವನಿ ಉಷ್ಣತೆಯ ಏರಿಳಿತಕ್ಕೆ ಮಾತ್ರ ಸ್ಪಂದಿಸುತ್ತದೆ, ಗಾಳಿಯ ವೇಗದ ಏರಿಳಿತಕ್ಕಲ್ಲ. ಆದ್ದರಿಂದ ನಮ್ಮ ಕೆಲಸಕ್ಕೆ ಅದು ಹೊಂದುತ್ತದೆ. ಮೋಡವಿದ್ದರೂ, ಹಗಲಾದರೂ ಓಡುತ್ತದೆ. ಆದರೆ ಅದರ ಸಂಖ್ಯೆಯನ್ನು ಇನ್ನೊಂದು ಉಪಕರಣದಿಂದ ಅಳತೆಗೆ ಕೂರಿಸದೆ ಆರ್ಕ್‌ಸೆಕೆಂಡಿಗೆ ತಿರುಗಿಸುವುದು ದುಡುಕು. ಜೊತೆಗೆ ಅದು ರಾತ್ರಿಯಿಡೀ ಚೀರುತ್ತದೆ. ಬೆಟ್ಟದಲ್ಲಿ ಮಲಗುವ ಕೋಣೆ ಎಲ್ಲಿದೆ ಎಂದು ಕೇಳಿಕೊಂಡು ಜಾಗ ಗುರುತಿಸಿ.

ಹಗಲಿಗೆ ಸೂರ್ಯನನ್ನೇ ನೋಡುವ ಡಿಮ್, ಮತ್ತು ಸಾಲಾಗಿ ಕೂರಿಸಿದ ಬೆಳಕುಮಾಪಕಗಳ ಶಾಬಾರ್ ಎಂಬ ಪಟ್ಟಿ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ರಾಷ್ಟ್ರೀಯ ಬೃಹತ್ ಸೌರ ದೂರದರ್ಶಕಕ್ಕೆ ಜಾಗ ಹುಡುಕುವಾಗ ಹಾನ್ಲೆಯಲ್ಲೂ, ಪ್ಯಾಂಗಾಂಗ್ ಸರೋವರದ ದಡದ ಮೇರಕ್‌ನಲ್ಲೂ, ನೈನಿತಾಲ್ ಬಳಿಯ ದೇವಸ್ಥಲದಲ್ಲೂ ಸೌರ ಸೀಯಿಂಗ್ ಅಳೆದು ತೂಗಿದ್ದರು. ಹಗಲು ನೆಲ ಕಾಯುತ್ತದೆ, ನೀರು ಅಷ್ಟು ಬೇಗ ಕಾಯುವುದಿಲ್ಲ. ಸರೋವರದ ದಡ ಆ ಜಾಗಗಳ ಸಾಲಿನಲ್ಲಿ ಬಂದದ್ದಕ್ಕೆ ಕಾರಣ ಅದೇ. ಹಗಲೂ ರಾತ್ರಿಯೂ ಒಂದೇ ಉಪಕರಣ ಬೇಕೆನ್ನುವವರಿಗೆ ಡರಮ್‌ನ ಶಿಮ್ ಇದೆ, ಕಿರು ಅತಿಗೆಂಪು ಬೆಳಕಿನಲ್ಲಿ ಕೆಲಸ ಮಾಡುತ್ತದೆ. ಅದನ್ನು ಹಸಿರು ಬೆಳಕಿನ ಡಿಮ್ ಪಕ್ಕ ಇಟ್ಟಾಗ ಎರಡನ್ನೂ ಒಂದೇ ಅಲೆಯುದ್ದಕ್ಕೆ ತನ್ನಿ. 1.6 ಮೈಕ್ರಾನಿನಲ್ಲಿ ಸೀಯಿಂಗ್ 0.5 ಮೈಕ್ರಾನಿನಲ್ಲಿ ಇರುವುದಕ್ಕಿಂತ ಸುಮಾರು 20% ಕಡಿಮೆ ಕಾಣುತ್ತದೆ.

ಪಕ್ಕಪಕ್ಕ ನಿಲ್ಲಿಸುವುದು

ಬೇರೆ ಬಗೆಯವನ್ನು ಹೋಲಿಸುವ ಮೊದಲು ಒಂದೇ ಬಗೆಯ ಎರಡನ್ನು ಹೋಲಿಸಿ. ಎರಡು ಡಿಮ್‌ಗಳನ್ನು ಒಂದೇ ಎತ್ತರದಲ್ಲಿ, ಕೆಲವೇ ಮೀಟರ್ ಅಂತರದಲ್ಲಿ, ಒಂದೇ ನಕ್ಷತ್ರಕ್ಕೆ ತಿರುಗಿಸಿ ಓಡಿಸಿ. ಅವುಗಳ ನಡುವೆ ಉಳಿಯುವ ವ್ಯತ್ಯಾಸವೇ ನಿಮ್ಮ ಇಡೀ ಪ್ರಯೋಗದ ತಳ. ಅದಕ್ಕಿಂತ ಸಣ್ಣ ವ್ಯತ್ಯಾಸದ ಬಗ್ಗೆ ಮುಂದೆ ಯಾರೂ ಮಾತಾಡುವಂತಿಲ್ಲ. ಟಿಎಂಟಿಯ ಜನ ತಮ್ಮ ಡಿಮ್‌ಗಳನ್ನು ಹೀಗೆ ಜೋಡಿಯಾಗಿ ಓಡಿಸಿ 0.02 ಆರ್ಕ್‌ಸೆಕೆಂಡಿನ ಆಸುಪಾಸಿಗೆ ತಂದಿದ್ದರು. ಖರ್ಚು ಉಳಿಸಲು ಈ ಹಂತವನ್ನು ಬಿಟ್ಟುಬಿಡುವುದೇ ಹೆಚ್ಚು. ನನಗೆ ಅದು ಒಪ್ಪಿಗೆಯಿಲ್ಲ: ಒಂದು ಸೈಡಾರ್ ಕಡಿಮೆಯಾದರೂ ಚಿಂತೆಯಿಲ್ಲ, ಎರಡನೆಯ ಡಿಮ್ ಬೇಕೇ ಬೇಕು.

ಕೆಲವು ಮೀಟರ್ ದೂರದ ಎರಡು ದೂರದರ್ಶಕಗಳು ಒಂದೇ ಗಾಳಿಯನ್ನು ನೋಡುತ್ತವೆಯೇ? ಕ್ಷಣದ ಮಟ್ಟಿಗೆ ಇಲ್ಲ. ಆದರೆ ಸೆಕೆಂಡಿಗೆ 10 ಮೀಟರ್ ವೇಗದ ಗಾಳಿಯಲ್ಲಿ ಒಂದು ನಿಮಿಷಕ್ಕೆ 600 ಮೀಟರ್ ಉದ್ದದ ಗಾಳಿ ಹಾದುಹೋಗುತ್ತದೆ, ಆದ್ದರಿಂದ ನಿಮಿಷದ ಸರಾಸರಿಯಲ್ಲಿ ಎರಡೂ ಹೊಂದಬೇಕು. ಹೊಂದದಿದ್ದರೆ ತಕರಾರು ಬಹುತೇಕ ಹತ್ತಿರದ್ದು. ಒಂದರ ಗೂಡು ಇನ್ನೊಂದಕ್ಕೆ ಗಾಳಿಯ ಮೇಲ್ಮುಖದಲ್ಲಿದೆ. ಕಂಪ್ಯೂಟರಿನ ಬಿಸಿ ದೂರದರ್ಶಕದ ಕೊಳವೆಯ ಬಾಯಿಯ ಮುಂದೆ ಏಳುತ್ತಿದೆ. ಜನರೇಟರಿನ ಹೊಗೆ ಬರುತ್ತಿದೆ. ಕಾಂಕ್ರೀಟ್ ಕಟ್ಟೆ ಹಗಲಿನ ಬಿಸಿಯನ್ನು ರಾತ್ರಿ ಬಿಡುತ್ತಿದೆ. ಬೆಂಗಳೂರಿನ ಕಾಲೇಜು ತಾರಸಿಯ ಮೇಲೆ ಡಿಮ್ ಕಲಿಯಲು ಕೂತವರು ಮಧ್ಯರಾತ್ರಿಯವರೆಗೂ ಮುಖ್ಯವಾಗಿ ತಾರಸಿಯನ್ನೇ ಅಳೆಯುತ್ತಿರುತ್ತಾರೆ. ಕಲಿಯಲು ಅದೂ ಸಾಕು, ನಗರದ ಆಕಾಶ ಹೀಗಿದೆ ಎಂದು ಬರೆಯಲು ಸಾಲದು.

ಪ್ರಯೋಗದ ನಡುವೆ ಒಮ್ಮೆ ಉಪಕರಣಗಳ ಜಾಗ ಅದಲುಬದಲು ಮಾಡಿ. ವ್ಯತ್ಯಾಸ ಉಪಕರಣದ ಜೊತೆ ಹೋದರೆ ಉಪಕರಣದ್ದು, ಕಟ್ಟೆಯಲ್ಲೇ ಉಳಿದರೆ ಜಾಗದ್ದು. ಗೋಪುರಕ್ಕೆ ಕೊಂಡೊಯ್ದ ತೂಕವನ್ನೆಲ್ಲ ಮತ್ತೆ ಇಳಿಸಿ ಏರಿಸುವುದು ಬೇಸರದ ಕೆಲಸ. ಆದರೂ ಪರನಾಲ್‌ನ ಬಗೆಯ ಗೊಂದಲವನ್ನು ವರ್ಷಗಳ ಬದಲು ವಾರಗಳಲ್ಲಿ ಬಿಡಿಸುವ ದಾರಿ ಇದೊಂದೇ.

ಎಲ್ಲ ಗಡಿಯಾರಗಳೂ ಜಿಪಿಎಸ್‌ಗೆ ಹೊಂದಿ ಯುಟಿಸಿಯಲ್ಲೇ ಬರೆಯಲಿ. ಸಾಧ್ಯವಿದ್ದಷ್ಟೂ ಒಂದೇ ನಕ್ಷತ್ರ. ಆಗದಿದ್ದರೆ ಅಳತೆಗಳನ್ನು ನೆತ್ತಿಯ ಮೇಲಿನ ನಕ್ಷತ್ರದ ಲೆಕ್ಕಕ್ಕೆ ಸರಿಹೊಂದಿಸಿ, ಏಕೆಂದರೆ 45 ಡಿಗ್ರಿ ಇಳಿದ ನಕ್ಷತ್ರ ನೆತ್ತಿಯ ಮೇಲಿನದಕ್ಕಿಂತ 23% ಕೆಟ್ಟ ಸೀಯಿಂಗ್ ತೋರಿಸುತ್ತದೆ. ದೊಡ್ಡ ದೂರದರ್ಶಕದ ಚಿತ್ರವನ್ನೂ ಹೋಲಿಕೆಗೆ ಸೇರಿಸುವುದಾದರೆ ಇನ್ನೊಂದು ತಿದ್ದುಪಡಿ ಬೇಕು. ಗಾಳಿಯ ಸುಳಿಗಳ ಗಾತ್ರಕ್ಕೆ ಮೇಲ್ಮಿತಿ ಇದೆ. ಅದು 20 ಮೀಟರ್ ಎಂದುಕೊಂಡರೆ, ಡಿಮ್ ಸೂತ್ರದ 1 ಆರ್ಕ್‌ಸೆಕೆಂಡ್ ದೊಡ್ಡ ದೂರದರ್ಶಕದಲ್ಲಿ 0.82 ಆಗಿಯೇ ಕಾಣಬೇಕು. ಇದನ್ನು ಮರೆತು ಡಿಮ್ ಕೆಟ್ಟಿದೆ ಎಂದವರೂ ಇದ್ದಾರೆ.

ಯಾವಾಗ, ಮತ್ತು ಲಡಾಖ್ ಆದರೆ

ಒಂದೇ ಋತುವಿನ ಒಂದೇ ಬಗೆಯ ರಾತ್ರಿಗಳಲ್ಲಿ ಎರಡು ಉಪಕರಣ ಒಪ್ಪಿದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಚಳಿಗಾಲದಲ್ಲಿ ಹಿಮಾಲಯದ ಮೇಲೆ ಜೆಟ್ ಗಾಳಿ ಬೀಸುವಾಗ ಎತ್ತರದ ಪದರಗಳು ಜೋರು. ಆಗ ಮಾಸ್‌ಗೆ ನಿಜವಾದ ಪರೀಕ್ಷೆ. ಗಾಳಿಯಿಲ್ಲದ, ನೆಲ ಬೇಗ ತಣಿಯುವ ರಾತ್ರಿಗಳು ಕಂಬ ಮತ್ತು ಸೋಡಾರ್‌ಗೆ. ಎರಡೂ ಬಗೆಯವು ಸಿಗುವಂತೆ ಎರಡು ಸಣ್ಣ ಶಿಬಿರ ಮಾಡುವುದು ಒಂದು ಉದ್ದ ಶಿಬಿರಕ್ಕಿಂತ ಲೇಸು.

ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತೇ ಉಪಗ್ರಹ ಸಂಪರ್ಕದಿಂದ ನಡೆಸುತ್ತಾರೆ. ಶಿಬಿರದ ಉಪಕರಣಕ್ಕೆ ಆ ಸುಖ ಇರುವುದಿಲ್ಲ, ಜನ ಹೋಗಲೇಬೇಕು. ಎತ್ತರಕ್ಕೆ ದೇಹ ಒಗ್ಗಲು ಲೇಹ್‌ನಲ್ಲಿ ತಂಗುವ ದಿನಗಳನ್ನು ವೇಳಾಪಟ್ಟಿಯಲ್ಲೇ ಬರೆಯಿರಿ. ಚಳಿಗಾಲದ ರಾತ್ರಿ ಉಷ್ಣತೆ ಮೈನಸ್ 20ಕ್ಕಿಂತ ಕೆಳಗಿಳಿಯುತ್ತದೆ. ದೂರದರ್ಶಕವನ್ನು ಹೊತ್ತು ತಿರುಗಿಸುವ ಮೌಂಟಿನ ಗ್ರೀಸ್ ಗಟ್ಟಿಯಾಗುತ್ತದೆ, ಬ್ಯಾಟರಿ ಸೋಲುತ್ತದೆ, ಕೇಬಲ್ಲಿನ ಹೊದಿಕೆ ಬಿರಿಯುತ್ತದೆ. ತಿರುಗುವ ಹಾರ್ಡ್ ಡಿಸ್ಕ್‌ಗಳನ್ನು ಸಾಮಾನ್ಯವಾಗಿ ಸುಮಾರು 3,000 ಮೀಟರಿನವರೆಗಷ್ಟೇ ಓಡಲು ಮಾಡಿರುತ್ತಾರೆ, ಎಸ್‌ಎಸ್‌ಡಿ ಒಯ್ಯಿರಿ. ತೆಳು ಗಾಳಿಯಲ್ಲಿ ಮಾಸ್‌ನ ಅಧಿಕ ವೋಲ್ಟೇಜ್ ಭಾಗದಲ್ಲಿ ಕಿಡಿ ಹಾರುವ ಅಪಾಯ ಕೆಳಗಿನ ಊರಿಗಿಂತ ಹೆಚ್ಚು, ಫ್ಯಾನಿನ ಗಾಳಿ ಕಂಪ್ಯೂಟರನ್ನು ತಣಿಸುವುದೂ ಕಡಿಮೆ.

ಸಂಖ್ಯೆಗಳನ್ನು ಎದುರುಬದುರು ಇಡುವಾಗ

ಡಿಮ್ 200 ಚಿತ್ರಗಳಿಂದ ಒಂದು ಅಳತೆ ಕೊಟ್ಟರೆ, ಬರೀ ಎಣಿಕೆಯ ಕಾರಣದಿಂದಲೇ ಸೀಯಿಂಗ್‌ನಲ್ಲಿ ಸುಮಾರು 6% ಅಲುಗಾಟ ಇರುತ್ತದೆ. ಎರಡು ಡಿಮ್‌ಗಳ ಒಂಟಿ ಅಳತೆಗಳು ಅಷ್ಟು ಬೇರೆಯಾದರೆ ಗಾಬರಿ ಬೇಡ. ಹೊಂದಾಣಿಕೆ ಗುಣಾಂಕ 0.9 ಬಂತೆಂದು ಹಿಗ್ಗುವುದೂ ಬೇಡ. ಒಳ್ಳೆಯ ರಾತ್ರಿ ಕೆಟ್ಟ ರಾತ್ರಿಗಳ ವ್ಯತ್ಯಾಸ ದೊಡ್ಡದಿದ್ದರೆ, ಒಂದು ಉಪಕರಣ ಸದಾ 20% ಹೆಚ್ಚು ಹೇಳುತ್ತಿದ್ದರೂ ಆ ಗುಣಾಂಕ ಎತ್ತರದಲ್ಲೇ ಇರುತ್ತದೆ. ಎರಡರ ಅನುಪಾತವನ್ನು ತೆಗೆದು, ಅದು ಗಾಳಿಯ ವೇಗ, ಗಾಳಿಯ ದಿಕ್ಕು, ನಕ್ಷತ್ರದ ಎತ್ತರ, ಸೀಯಿಂಗ್ ಇವುಗಳ ಜೊತೆ ಹೇಗೆ ಬದಲಾಗುತ್ತದೆ ಎಂದು ಬಿಡಿಸಿ ನೋಡಿ. ಒಂದೇ ದಿಕ್ಕಿನ ಗಾಳಿಯಲ್ಲಿ ಮಾತ್ರ ಅನುಪಾತ ಕೆಟ್ಟರೆ ಉಪಕರಣ ಬಿಚ್ಚುವ ಮೊದಲು ಆ ದಿಕ್ಕಿನಲ್ಲಿ ಏನಿದೆ ಎಂದು ಎದ್ದು ಹೋಗಿ ನೋಡಿ ಬನ್ನಿ.

ಪ್ರತಿ ತಂಡವೂ ತನ್ನ ಅಂತಿಮ ಸಂಖ್ಯೆಗಳನ್ನು ಬೇರೆಯವರದ್ದನ್ನು ನೋಡುವ ಮೊದಲೇ ಮೂರನೆಯವರ ಕೈಗೆ ಕೊಡಲಿ. ಪಕ್ಕದವರ ಗ್ರಾಫ್ ನೋಡಿದ ಮೇಲೆ ಕೆಟ್ಟ ಬಿಂದುಗಳನ್ನು ತೆಗೆಯುವ ಕೈ ತಾನಾಗಿಯೇ ಆ ಕಡೆ ವಾಲುತ್ತದೆ.

ಹಣ ಕಡಿಮೆಯಿದ್ದರೆ ಎರಡು ಡಿಮ್, ಒಂದು ಕಂಬ. ಇನ್ನಷ್ಟು ಸಿಕ್ಕರೆ ಒಂದು ಡಿಮ್‌ನ ಹಿಂದೆ ಮಾಸ್ ಸೇರಿಸಿ. ಕದಡಿನ ಬಹುಪಾಲು ನೆಲದ ಪದರದಲ್ಲೇ ಎಂದು ಕಳೆಯುವ ಲೆಕ್ಕ ತೋರಿಸಿದ ಬೆಟ್ಟಕ್ಕೆ ಮಾತ್ರ ಸ್ಲೋಡಾರ್ ಅಥವಾ ಸೋಡಾರ್. ಸೈಡಾರ್ ಕೊಳ್ಳಬೇಡಿ, ಇರುವವರನ್ನು ಕರೆಸಿ, ಕೆಲವು ರಾತ್ರಿ ದೊಡ್ಡ ದೂರದರ್ಶಕ ಬಿಟ್ಟುಕೊಡಿ, ಅವರ ಜೊತೆ ನಿಮ್ಮ ಮಾಸ್ ಓಡಲಿ.